ಮೂರು ಸಲ ಮುರಿದ ಫೋರ್ಕ್

ಸೈಕಲ್ ರೇಸನ್ನು ಮೊದಲ ಸಲ ರಸ್ತೆ ಬದಿಯಲ್ಲಿ ನಿಂತು ನೋಡೋಕೆ ಹೋದವರಿಗೆಲ್ಲ ಒಂದೇ ಥರದ ನಿರಾಸೆ ಆಗುತ್ತಂತೆ. ಬೆಳಗ್ಗೆಯೇ ಹೋಗಿ ಜಾಗ ಹಿಡಿಯಬೇಕು, ಬಿಸಿಲಲ್ಲಿ ಒಣಗಬೇಕು, ಕಟ್ಟಿಕೊಂಡು ಹೋದ ತಿಂಡಿಯೆಲ್ಲ ಮುಗಿಯಬೇಕು. ನಾಲ್ಕು ಗಂಟೆ ಕಾದ ಮೇಲೆ ನೂರೈವತ್ತು ಸೈಕಲ್ಲುಗಳು ಸುಂಯ್ ಅಂತ ಬಂದು ಸುಂಯ್ ಅಂತ ಹೋಗಿಬಿಡುತ್ತವೆ. ಅಷ್ಟೇ. ಯಾರು ಮುಂದಿದ್ದರು, ಯಾರು ಹಿಂದಿದ್ದರು, ಒಂದೂ ಗೊತ್ತಾಗಲ್ಲ. ಕ್ರಿಕೆಟ್ ಥರ ಒಂದೇ ಕಡೆ ಕೂತು ಇಡೀ ಆಟ ನೋಡುವ ವ್ಯವಸ್ಥೆ ಇಲ್ಲಿ ಇಲ್ಲ. ಅದಕ್ಕೇ ಅನುಭವ ಇರುವವರು ಬೆಟ್ಟದ ಏರಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಸವಾರರು ನಿಧಾನ ಆಗ್ತಾರೆ, ಮುಖ ಕಾಣುತ್ತೆ, ಉಸಿರು ಕೇಳುತ್ತೆ. ಟಿಕೆಟ್ ಬೇರೆ ಇಲ್ಲ, ಪೂರ್ತಿ ಫ್ರೀ.

ನಾವು ಇದನ್ನೆಲ್ಲ ಕಂಡಿರೋದು ಫೋನಿನಲ್ಲೇ. ಜುಲೈ ಬಂತು ಅಂದರೆ ನಮ್ಮ ಹಾಸ್ಟೆಲ್ಲಿನಲ್ಲಿ ಟೂರ್ ದ ಫ್ರಾನ್ಸ್ ನೋಡುವ ನಾಲ್ಕೈದು ಜನರ ಒಂದು ಗುಂಪು ಇದೆ. ಅಲ್ಲಿ ಸಂಜೆ ಐದೂವರೆಗೆ ಸ್ಟೇಜ್ ಮುಗಿದರೆ ಇಲ್ಲಿ ರಾತ್ರಿ ಒಂಬತ್ತು. ಸರಿಯಾಗಿ ಮೆಸ್ಸಿನ ಹೊತ್ತು. ಹೀಗೆ ನೋಡ್ತಾ ನೋಡ್ತಾ ಹಳೇ ರೇಸುಗಳ ಬಗ್ಗೆ ಓದೋಕೆ ಶುರು ಮಾಡಿದಾಗ ಸಿಕ್ಕವನು ಯೂಜೆನ್ ಕ್ರಿಸ್ತೋಫ್. ಟೂರ್‌ನ ಇತಿಹಾಸದಲ್ಲಿ ಪ್ರೇಕ್ಷಕರಿಗೆ ಅತಿ ಹೆಚ್ಚು ಹೊತ್ತು, ಅತಿ ಹತ್ತಿರದಿಂದ ಒಬ್ಬ ರೇಸರ್ ಕಾಣಸಿಕ್ಕ ದಿನ ಯಾವುದು ಅಂತ ಯಾರಾದರೂ ಕೇಳಿದರೆ, ನಮ್ಮ ಉತ್ತರ 1913ರ ಜುಲೈ 9. ಅವತ್ತು ಪಿರೆನೀಸ್ ಬೆಟ್ಟಗಳ ಒಂದು ಸಣ್ಣ ಹಳ್ಳಿಯ ಜನ ಒಬ್ಬ ಸವಾರನನ್ನು ಸುಮಾರು ಮೂರು ಗಂಟೆ ಹೊತ್ತು ನೋಡಿದರು. ಆದರೆ ಅವನು ಸೈಕಲ್ ಓಡಿಸ್ತಾ ಇರಲಿಲ್ಲ. ಕುಲುಮೆ ಮುಂದೆ ನಿಂತು ಕಬ್ಬಿಣ ಬಡೀತಾ ಇದ್ದ.

ಕ್ರಿಸ್ತೋಫ್ ಹುಟ್ಟಿದ್ದು 1885ರ ಜನವರಿ 22ರಂದು, ಪ್ಯಾರಿಸ್‌ಗೆ ಅಂಟಿಕೊಂಡಂತೇ ಇರುವ ಮಲಕಾಫ್‌ನಲ್ಲಿ. ಕಲಿತ ಕಸುಬು ಬೀಗದ ಕೆಲಸ. ಡೂಪ್ಲಿಕೇಟ್ ಕೀ ಮಾಡಿಕೊಡುವ ಗೂಡಂಗಡಿ ಕಲ್ಪಿಸಿಕೊಳ್ಳಬೇಡಿ. ಆ ಕಾಲದ ಫ್ರಾನ್ಸಿನಲ್ಲಿ ಬೀಗದ ಕೆಲಸದವರು ಅಂದರೆ ಕೀಲು, ಬಾಗಿಲ ಸರಳು, ಗೇಟು ಎಲ್ಲ ಮಾಡುವವರು. ಅರ ಹಿಡಿದು ಉಜ್ಜೋದು, ಕಬ್ಬಿಣ ಕಾಯಿಸಿ ಬಡಿಯೋದು, ತೂತು ಕೊರೆಯೋದು ಎಲ್ಲವೂ ಕೈಗೆ ಅಭ್ಯಾಸ ಆಗಿರಬೇಕು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಟೂರ್ ಓಡಿಸಿದ್ದು 1906ರಲ್ಲಿ, 21ನೇ ವಯಸ್ಸಿಗೆ. ಒಂಬತ್ತನೆಯವನಾಗಿ ಮುಗಿಸಿದ. ದಪ್ಪ ಮೀಸೆ ಇದ್ದಿದ್ದರಿಂದ ಜನ ಇವನನ್ನು ಮುದಿ ಗಾಲ್ ಅಂತ ಕರೀತಿದ್ದರು. ಗಾಲ್ ಅಂದರೆ ರೋಮನ್ನರಿಗಿಂತ ಹಿಂದಿನಿಂದ ಫ್ರಾನ್ಸಿನಲ್ಲಿದ್ದ ಜನ. ಆಸ್ಟರಿಕ್ಸ್ ಕಾಮಿಕ್ಸ್ ಓದಿದವರಿಗೆ ಆ ಮೀಸೆ ಎಂಥದ್ದು ಅಂತ ಹೇಳಬೇಕಾಗಿಲ್ಲ. ಇನ್ನೊಂದು ಮುದ್ದಿನ ಹೆಸರು ಕ್ರಿಕ್ರಿ.

ರಸ್ತೆ ರೇಸಿನ ಜೊತೆಗೆ ಇವನಿಗೆ ಇಷ್ಟವಾದದ್ದು ಸೈಕ್ಲೋಕ್ರಾಸ್. ಚಳಿಗಾಲದಲ್ಲಿ ಕೆಸರು, ಗದ್ದೆ, ಕಾಡುದಾರಿಯಲ್ಲಿ ನಡೆಯುವ ರೇಸ್ ಅದು. ಓಡಿಸೋಕೆ ಆಗದ ಕಡೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಬೇಕು. 1909ರಿಂದ 1914ರವರೆಗೆ ಸತತ ಆರು ಸಲ ಫ್ರಾನ್ಸಿನ ಚಾಂಪಿಯನ್. ಆಮೇಲೆ 1921ರಲ್ಲಿ ಇನ್ನೊಂದು ಸಲ. ಸೈಕಲ್ ಹೊರುವ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಶಾಲೆ ಎಲ್ಲಿ ಸಿಗಬೇಕು?

ಆದರೆ ಇವನು ಎಂಥ ಹಟಮಾರಿ ಅಂತ ಲೋಕಕ್ಕೆ ಗೊತ್ತಾಗಿದ್ದು 1910ರ ಮಿಲಾನ್-ಸಾನ್‌ರೆಮೊ ರೇಸಿನಲ್ಲಿ. ಇಟಲಿಯ ಆ ರೇಸ್ ವಸಂತಕಾಲದ್ದು. ಆ ವರ್ಷ ಮಾತ್ರ ತುರ್ಕಿನೊ ಘಾಟಿನ ಮೇಲೆ ಹಿಮ ಬಿದ್ದಿತ್ತು. ಸವಾರರ ಮೈಮೇಲೆ ಇದ್ದದ್ದು ತೆಳು ಬಟ್ಟೆ. ಕ್ರಿಸ್ತೋಫ್‌ಗೆ ಕೈಬೆರಳು ಮರಗಟ್ಟಿ, ಹೊಟ್ಟೆ ಹಿಡಿದುಕೊಂಡು, ಕೊನೆಗೆ ರಸ್ತೆ ಬದಿಯ ಕಲ್ಲಿಗೆ ಒರಗಿ ನಿಂತುಬಿಟ್ಟ. ದಾರಿಯಲ್ಲಿ ಹೋಗ್ತಾ ಇದ್ದ ಒಬ್ಬ ಮನುಷ್ಯ ಅವನನ್ನು ಹತ್ತಿರದ ಮನೆಗೆ ಕರಕೊಂಡು ಹೋಗಿ, ಒದ್ದೆ ಬಟ್ಟೆ ಬಿಚ್ಚಿಸಿ, ಕಂಬಳಿ ಹೊದಿಸಿ ಬೆಂಕಿ ಕಾಯಿಸಿದ. ಅಷ್ಟರಲ್ಲಿ ಇನ್ನೂ ಕೆಲವರು ಅದೇ ಮನೆಗೆ ನಡುಗುತ್ತಾ ಬಂದರು. ಬಂದವರಲ್ಲಿ ಮತ್ತೆ ಹೊರಗೆ ಕಾಲಿಡೋಕೆ ಮನಸ್ಸು ಇದ್ದದ್ದು ಇವನಿಗೆ. ಒಂದು ಪ್ಯಾಂಟ್ ಕೇಳಿ ಹಾಕಿಕೊಂಡು, ಹಿಮದಲ್ಲೇ ಹೊರಟು, ಮುಂದಿದ್ದವರನ್ನೆಲ್ಲ ದಾಟಿ ಗೆದ್ದ. ತಗೊಂಡ ಸಮಯ 12 ಗಂಟೆ 24 ನಿಮಿಷ. ಎರಡನೆಯವನು ಬಂದದ್ದು ಒಂದು ಗಂಟೆಗೂ ಹೆಚ್ಚು ತಡವಾಗಿ. ಅಧಿಕೃತವಾಗಿ ಮುಗಿಸಿದವರು ನಾಲ್ಕೇ ಜನ. ಆಮೇಲೆ ಕ್ರಿಸ್ತೋಫ್ ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ. ಪೂರ್ತಿ ಸುಧಾರಿಸಿಕೊಳ್ಳೋಕೆ ಎರಡು ವರ್ಷ ಬೇಕಾಯಿತು.

ಸುಧಾರಿಸಿಕೊಂಡ ಮೇಲೆ 1912ರ ಟೂರ್. ಮೂರು, ನಾಲ್ಕು, ಐದನೇ ಸ್ಟೇಜ್, ಮೂರನ್ನೂ ಸಾಲಾಗಿ ಗೆದ್ದ. ಆದರೂ ಒಟ್ಟಾರೆ ಎರಡನೇ ಸ್ಥಾನ. ಯಾಕೆ ಅಂದರೆ ಆಗ ಟೂರ್ ಅನ್ನು ಲೆಕ್ಕ ಹಾಕ್ತಾ ಇದ್ದದ್ದು ಸಮಯದಲ್ಲಿ ಅಲ್ಲ, ಪಾಯಿಂಟಿನಲ್ಲಿ. ಯಾವ ಸ್ಟೇಜಿನಲ್ಲಿ ಎಷ್ಟನೆಯವನಾಗಿ ಬಂದೆ ಅನ್ನೋದಷ್ಟೇ ಲೆಕ್ಕ, ಎಷ್ಟು ನಿಮಿಷ ಮುಂದೆ ಬಂದೆ ಅನ್ನೋದಕ್ಕೆ ಬೆಲೆ ಇಲ್ಲ. ಬೆಲ್ಜಿಯಂನ ಓಡಿಲ್ ಡೆಫ್ರೇ ಗೆದ್ದ. 1913ಕ್ಕೆ ನಿಯಮ ಬದಲಾಗಿ ಮತ್ತೆ ಸಮಯದ ಲೆಕ್ಕ ಬಂತು. ಇನ್ನೇನು ನಮ್ಮ ಮೀಸೆಯವನ ವರ್ಷ ಬಂತು ಅನ್ನುವ ಹಾಗಾಯಿತು.

ಇಲ್ಲಿ ಆಗಿನ ರೇಸ್ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥ ಆಗಲ್ಲ. ಟೂರ್ ದ ಫ್ರಾನ್ಸ್ ಶುರುವಾದದ್ದೇ 1903ರಲ್ಲಿ, ಲೋಟೊ ಅನ್ನುವ ಕ್ರೀಡಾಪತ್ರಿಕೆಯ ಮಾರಾಟ ಹೆಚ್ಚಿಸೋಕೆ. ಅದರ ಸಂಪಾದಕ ಆನ್ರಿ ದೆಗ್ರಾಂಜ್‌ಗೆ ಒಂದು ಹಟ ಇತ್ತು. ಮನುಷ್ಯ ಮತ್ತು ರಸ್ತೆ, ಇವೆರಡರ ನಡುವೆ ಬೇರೆ ಏನೂ ಬರಬಾರದು. ಗೇರ್ ಬದಲಿಸುವ ಡೀರೇಲರ್ ಬೇಡ (ಅದಕ್ಕೆ ಪರವಾನಗಿ ಸಿಕ್ಕಿದ್ದು 1937ರಲ್ಲಿ). ಯಾರ ಸಹಾಯವೂ ಬೇಡ. ಪಂಚರ್ ಆದರೆ ನೀನೇ ಹಾಕು, ಏನಾದರೂ ಮುರಿದರೆ ನೀನೇ ಸರಿ ಮಾಡು. ಹೊರಟ ಸೈಕಲ್ಲಿನಲ್ಲೇ ಬಂದು ಸೇರಬೇಕು.

1913ರ ಆರನೇ ಸ್ಟೇಜ್ ಬಯೋನ್‌ನಿಂದ ಲ್ಯೂಷೊನ್‌ಗೆ, 326 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ಇರೋದಕ್ಕಿಂತ ಸ್ವಲ್ಪ ಕಡಿಮೆ ಅಂದುಕೊಳ್ಳಿ. ಆದರೆ ದಾರಿಯಲ್ಲಿ ಶಿರಾಡಿ ಥರ ಒಂದು ಘಾಟ್ ಅಲ್ಲ, ಸಾಲು ಸಾಲು ಘಾಟ್‌ಗಳು. ಒಬಿಸ್ಕ್, ಟೂರ್ಮಲೆ, ಆಸ್ಪಿನ್, ಪೇರಸೂರ್ದ್. ಟೂರ್ಮಲೆಯ ಎತ್ತರ 2115 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಜಾಸ್ತಿ. ರಸ್ತೆ ಅಂದರೆ ಜಲ್ಲಿ, ಮಣ್ಣು, ದನದ ಸಗಣಿ. ಬೆಳಗಿನ ಜಾವ ಮೂರು ಗಂಟೆಗೆ ಕತ್ತಲಲ್ಲಿ ಹೊರಟರು.

ಡೆಫ್ರೇ ಆ ದಿನ ಕುಸಿದು ರೇಸ್ ಬಿಟ್ಟ. ಟೂರ್ಮಲೆಯ ತುದಿಯನ್ನು ಮೊದಲು ದಾಟಿದವನು ಫಿಲಿಪ್ ತೀಸ್ ಅನ್ನುವ ಬೆಲ್ಜಿಯಂ ಹುಡುಗ. ಐದು ನಿಮಿಷದಷ್ಟು ಹಿಂದೆ ಕ್ರಿಸ್ತೋಫ್. ಒಟ್ಟು ಸಮಯದ ಲೆಕ್ಕದಲ್ಲಿ ಆ ಕ್ಷಣಕ್ಕೆ ಇಡೀ ಟೂರ್‌ಗೆ ಇವನೇ ಮುಂದೆ. ಇಳಿಜಾರು ಶುರುವಾಯಿತು. ಸ್ವಲ್ಪ ದೂರ ಬಂದಿರಬೇಕು, ಹ್ಯಾಂಡಲ್ ಹೇಳಿದ ಮಾತು ಕೇಳ್ತಾ ಇಲ್ಲ ಅನ್ನಿಸಿತು. ಹೇಗೋ ನಿಲ್ಲಿಸಿ ಇಳಿದು ನೋಡಿದರೆ, ಮುಂದಿನ ಚಕ್ರ ಹಿಡಿದುಕೊಂಡಿರುವ ಫೋರ್ಕ್ ಮುರಿದಿದೆ.

ಮೆಕ್ಯಾನಿಕಲ್‌ನವರು ಇಲ್ಲಿ ಒಂದು ನಿಮಿಷ ನಿಲ್ಲಿ. ಫೋರ್ಕ್ ಅಂದರೆ ಒಂದು ಕ್ಯಾಂಟಿಲಿವರ್ ಬೀಮ್ ಥರ. ಕೆಳತುದಿಯಲ್ಲಿ ಚಕ್ರದಿಂದ ಹೊಡೆತ, ಮೇಲ್ತುದಿ ಫ್ರೇಮಿನಲ್ಲಿ ಭದ್ರ. ಬೆಂಡಿಂಗ್ ಮೊಮೆಂಟ್ ಅತಿ ಹೆಚ್ಚು ಬರೋದು ಮೇಲೆ, ಫೋರ್ಕ್ ಫ್ರೇಮಿಗೆ ಸೇರುವ ಜಾಗದಲ್ಲಿ. ಒಂದು ಕಲ್ಲಿಗೆ ಬಡಿದರೆ ಉಕ್ಕು ಮುರಿಯಲ್ಲ. ಆದರೆ ಐದು ಸ್ಟೇಜ್ ಪೂರ್ತಿ, ದಿನಕ್ಕೆ ಮುನ್ನೂರು ನಾನೂರು ಕಿಲೋಮೀಟರ್, ಜಲ್ಲಿ ಮೇಲೆ ಲಕ್ಷಗಟ್ಟಲೆ ಸಣ್ಣ ಹೊಡೆತ ಬಿದ್ದರೆ ಒಳಗೆಲ್ಲೋ ಒಂದು ಕೂದಲೆಳೆ ಬಿರುಕು ಹುಟ್ಟುತ್ತೆ, ಬೆಳೆಯುತ್ತೆ. ನಮಗೆಲ್ಲ ಮೆಟೀರಿಯಲ್ಸ್ ಪೇಪರಿನಲ್ಲಿ ಬರುವ ಫ್ಯಾಟಿಗ್ ಇದೇ. ಜರ್ಮನಿಯ ವ್ಯೋಲರ್ ರೈಲಿನ ಆಕ್ಸಲ್‌ಗಳು ಯಾಕೆ ಮುರೀತವೆ ಅಂತ ಇದರ ಬಗ್ಗೆ ಪ್ರಯೋಗ ಮಾಡಿ ಆಗಲೇ ಸುಮಾರು ಐವತ್ತು ವರ್ಷ ಆಗಿತ್ತು. ಕ್ರಿಸ್ತೋಫ್‌ನ ಫೋರ್ಕ್ ಮುರಿದದ್ದೂ ಹೀಗೇ ಇರಬೇಕು ಅನ್ನೋದು ನಮ್ಮ ಊಹೆ, ಅಷ್ಟೇ. ಕಾರು ಗುದ್ದಿತು ಅನ್ನುವ ಕತೆಯೂ ಓಡಾಡುತ್ತೆ. ಅದೇ ಮನುಷ್ಯನಿಗೆ ಇದೇ ಭಾಗ ಇನ್ನೂ ಎರಡು ಸಲ ಮುರಿಯಿತು ಅನ್ನೋದನ್ನ ನೋಡಿದರೆ ನಮಗೆ ಕಾರಿನ ಕತೆ ಅಷ್ಟಾಗಿ ಒಪ್ಪಿಗೆ ಆಗಲ್ಲ.

ಸರಿ, ಬೆಟ್ಟದ ಮೇಲೆ ಒಬ್ಬನೇ. ಹಿಂದೆ ಬಂದವರು ಒಬ್ಬೊಬ್ಬರಾಗಿ ದಾಟಿ ಹೋದರು. ಕ್ರಿಸ್ತೋಫ್ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು, ಮುಂದಿನ ಚಕ್ರ ಕೈಯಲ್ಲಿ ಹಿಡಿದು ನಡೆಯೋಕೆ ಶುರು ಮಾಡಿದ. ಕೆಳಗಿನ ಸೇಂತ್-ಮರೀ-ದ-ಕಾಂಪಾನ್ ಹಳ್ಳಿಗೆ ಹತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಎರಡು ಗಂಟೆ ನಡೆದ. ಅಡ್ಡದಾರಿ ಸಿಕ್ಕ ಕಡೆ ಕುರಿ ಹೋಗುವ ಕಾಲುದಾರಿಯಲ್ಲಿ ಇಳಿದ. ಅಳ್ತಾ ಇದ್ದ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ.

ಊರಿನಲ್ಲಿ ಒಬ್ಬ ಚಿಕ್ಕ ಹುಡುಗಿ ದಾರಿ ತೋರಿಸಿಕೊಂಡು ಊರ ಆ ತುದಿಯಲ್ಲಿದ್ದ ಕಮ್ಮಾರನ ಮನೆಗೆ ಕರಕೊಂಡು ಹೋದಳು. ಕಮ್ಮಾರನ ಹೆಸರು ಲೆಕಾಂತ್. ಅವನು ತಾನೇ ಮಾಡಿಕೊಡೋಕೆ ತಯಾರಿದ್ದ. ಆದರೆ ಅಷ್ಟರಲ್ಲಿ ರೇಸಿನ ಅಧಿಕಾರಿಗಳೂ ಬಂದು ನಿಂತಿದ್ದರು, ಎದುರಾಳಿ ತಂಡದವರೂ ಇದ್ದರು. ಎಲ್ಲರ ಕಣ್ಣೂ ಒಂದೇ ಕಡೆ. ಇವನ ಸೈಕಲ್ಲಿಗೆ ಬೇರೆ ಯಾರ ಕೈಯಾದರೂ ತಾಗುತ್ತಾ? ಕಮ್ಮಾರ ಬಾಯಲ್ಲಿ ಹೇಳಬಹುದು, ಕೈ ಹಾಕೋ ಹಾಗಿಲ್ಲ.

ಬೀಗದ ಕೆಲಸ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. 22 ಮಿಲಿಮೀಟರಿನ ಒಂದು ಉಕ್ಕಿನ ಕೊಳವೆ ಹುಡುಕಿ, ಅಳತೆಗೆ ಕತ್ತರಿಸಿ, ಅರದಿಂದ ಉಜ್ಜಿ, ಕಾಯಿಸಿ, ಬಡಿದು, ಮುರಿದ ಭಾಗಕ್ಕೆ ಕೂರಿಸಬೇಕು. ಮೊದಲ ವರ್ಷ ವರ್ಕ್‌ಶಾಪ್ ಲ್ಯಾಬಿನಲ್ಲಿ ಒಂದು ಚೌಕದ ತುಂಡನ್ನು ಫೈಲ್ ಮಾಡಿ ಟ್ರೈಸ್ಕ್ವೇರ್‌ಗೆ ಹೊಂದಿಸೋಕೆ ನಮಗೆ ಮೂರು ಕ್ಲಾಸ್ ಬೇಕಾಯಿತು, ಅದೂ ಫ್ಯಾನ್ ಕೆಳಗೆ. ಇವನು ಬೆಳಗಿನ ಜಾವದಿಂದ ಇನ್ನೂರು ಕಿಲೋಮೀಟರ್ ತುಳಿದು, ಹತ್ತು ಕಿಲೋಮೀಟರ್ ನಡೆದು, ಆಮೇಲೆ ಬೆಂಕಿ ಮುಂದೆ ನಿಂತಿದ್ದ. ಕೆಲಸ ಸುಮಾರು ಮೂರು ಗಂಟೆ ಹಿಡಿಯಿತು. ನೋಡ್ತಾ ನಿಂತ ಅಧಿಕಾರಿಗಳಿಗೆ ಹೊಟ್ಟೆ ಹಸಿದು, ಏನಾದರೂ ತಿಂದು ಬರ್ತೀವಿ ಅಂದಾಗ, ಇಲ್ಲೇ ಇದ್ದಿಲು ತಿಂದುಕೊಂಡು ನಿಂತಿರಿ ಅನ್ನುವ ಅರ್ಥ ಬರುವ ಹಾಗೆ ರೇಗಿದ ಅಂತ ಒಂದು ಕತೆ ಇದೆ. ಅವರೇ ತಾನೇ ಅವನನ್ನು ಕಟ್ಟಿಹಾಕಿದ್ದು, ಅವರೂ ಹಸಿದುಕೊಂಡು ಇರಲಿ ಅನ್ನೋದು ನ್ಯಾಯವೇ.

ಕೆಲಸದ ನಡುವೆ ಒಂದು ಹಂತದಲ್ಲಿ ಎರಡು ಕೈಯೂ ಸಾಲದೆ ಹೋಯಿತು. ಬೆಂಕಿ ಆರಬಾರದು, ಹಿಡಿದದ್ದು ಬಿಡಬಾರದು. ಕುಲುಮೆಯಲ್ಲಿ ಕೊರ್ನಿ ಅನ್ನುವ ಏಳು ವರ್ಷದ ಹುಡುಗ ಇದ್ದ. ಅವನು ತಿದಿ ಒತ್ತಿದ. ಅಷ್ಟಕ್ಕೇ ಕ್ರಿಸ್ತೋಫ್‌ಗೆ ಹತ್ತು ನಿಮಿಷ ದಂಡ ಬಿತ್ತು. ಆಮೇಲೆ ಅದನ್ನು ಮೂರಕ್ಕೆ ಇಳಿಸಿದರು.

ಈ ಜಾಗಕ್ಕೆ ಬಂದಾಗ ನಮ್ಮ ಗುಂಪಿನಲ್ಲಿ ಪ್ರತಿ ಸಲ ಜಗಳ. ನಿಯಮ ಅಂದರೆ ನಿಯಮ, ಏಳು ವರ್ಷದವನಾದರೂ ಕೈ ಕೈಯೇ ಅಂತ ಒಬ್ಬಳ ವಾದ. ಉಳಿದವರ ವಾದ ಬೇರೆ. ಅದಕ್ಕೆ ಅದೇ ಟೂರ್‌ನಲ್ಲೇ ಸಾಕ್ಷಿ ಇದೆ. ಕೊನೆಗೆ ಉಳಿದದ್ದರಲ್ಲಿ ಒಂದು ಸ್ಟೇಜಿನಲ್ಲಿ ತೀಸ್ ಬಿದ್ದ, ಅವನ ಫೋರ್ಕೂ ಮುರಿಯಿತು. ಅವನು ಸೈಕಲ್ ಅಂಗಡಿಗೆ ಹೋಗಿ ಸರಿ ಮಾಡಿಸಿಕೊಂಡ. ಅವನಿಗೆ ಬಿದ್ದ ದಂಡವೂ ಹತ್ತು ನಿಮಿಷ! ಆ ದಂಡ ತೆತ್ತ ಮೇಲೂ ಅವನು 8 ನಿಮಿಷ 37 ಸೆಕೆಂಡಿನಿಂದ ಇಡೀ ಟೂರ್ ಗೆದ್ದ. ಅಂದರೆ ಪೂರಾ ಅಂಗಡಿಯ ಸಹಾಯ ಪಡೆದವನಿಗೂ ಹತ್ತು, ತಿದಿ ಒತ್ತಿಸಿಕೊಂಡವನಿಗೂ ಮೊದಲು ಹಾಕಿದ್ದು ಹತ್ತು. ಕ್ರಿಸ್ತೋಫ್ ಆ ಬೆಟ್ಟದ ಕೆಳಗೆ ನಿಯಮ ಮುರಿದು ಲೆಕಾಂತ್‌ನ ಕೈಗೆ ಸುತ್ತಿಗೆ ಕೊಟ್ಟುಬಿಟ್ಟಿದ್ದರೆ ಏನಾಗ್ತಿತ್ತು? ಅವನಷ್ಟೇ ಕೆಲಸ ಗೊತ್ತಿರುವ, ದಣಿಯದ ಕಮ್ಮಾರ ಒಂದು ಗಂಟೆಯಲ್ಲಿ ಮುಗಿಸಿಬಿಡ್ತಿದ್ದನೇನೋ. ಆದರೆ ದಂಡ ಹಾಕ್ತಾರಾ, ರೇಸಿನಿಂದಲೇ ಹೊರಗೆ ಹಾಕ್ತಾರಾ ಅನ್ನೋದು ಮೊದಲೇ ಹೇಗೆ ಗೊತ್ತಾಗಬೇಕು? ದೆಗ್ರಾಂಜ್‌ನ ಕಾಲದಲ್ಲಿ ಯಾರೂ ಆ ಧೈರ್ಯ ಮಾಡ್ತಿರಲಿಲ್ಲ ಅನ್ಸುತ್ತೆ.

ರಿಪೇರಿ ಮುಗಿಸಿ, ಜೇಬಿಗೆ ಬ್ರೆಡ್ ತುಂಬಿಕೊಂಡು ಮತ್ತೆ ಹೊರಟ. ಇನ್ನೂ ಎರಡು ಘಾಟ್ ಬಾಕಿ, ಆಸ್ಪಿನ್ ಮತ್ತು ಪೇರಸೂರ್ದ್. ತಾನೇ ಬೆಸೆದ ಫೋರ್ಕಿನ ಮೇಲೆ ಆ ಇಳಿಜಾರುಗಳನ್ನು ಇಳಿದ ಅನ್ನೋದೇ ನಮಗೆ ಮೈ ಜುಮ್ಮೆನ್ನಿಸುವ ಭಾಗ. ಸ್ಟೇಜ್ ಗೆದ್ದ ತೀಸ್‌ಗಿಂತ 3 ಗಂಟೆ 50 ನಿಮಿಷ ತಡವಾಗಿ ಲ್ಯೂಷೊನ್ ಸೇರಿದ. ಆದರೂ ಕೊನೆಯವನಲ್ಲ, 29ನೆಯವನು. ಟೂರ್ ಬಿಡಲೂ ಇಲ್ಲ. ಪ್ಯಾರಿಸ್ ತಲುಪಿದಾಗ ಒಟ್ಟಾರೆ ಏಳನೇ ಸ್ಥಾನ.

ಮರುವರ್ಷದ ಟೂರ್ ಮುಗಿಯುವ ಹೊತ್ತಿಗೆ ಯುದ್ಧ ಬಂತು. ಕ್ರಿಸ್ತೋಫ್ ಸೈನ್ಯದ ಸೈಕಲ್ ಪಡೆಯಲ್ಲಿದ್ದ. ಟೂರ್ ಗೆದ್ದಿದ್ದ ಮೂವರು, ಫ್ರಾಂಸ್ವಾ ಫಾಬೆರ್, ಒಕ್ತಾವ್ ಲಪೀಜ್, ಲ್ಯೂಸಿಯೆನ್ ಪೆತಿ-ಬ್ರೆತೊನ್, ವಾಪಸ್ ಬರಲಿಲ್ಲ. ನಾಲ್ಕು ವರ್ಷ ರೇಸ್ ಇಲ್ಲ. 28ರಿಂದ 34ರವರೆಗಿನ ವಯಸ್ಸು, ಒಬ್ಬ ಸವಾರನಿಗೆ ಎಲ್ಲಕ್ಕಿಂತ ಬೆಲೆಬಾಳುವ ವರ್ಷಗಳು, ಹೆಚ್ಚುಕಮ್ಮಿ ಹಾಗೇ ಹೋದವು.

1919ರ ಟೂರ್ ಶುರುವಾದದ್ದು ಜೂನ್ 29ಕ್ಕೆ. ಹಿಂದಿನ ದಿನವಷ್ಟೇ ವರ್ಸೈ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಟೈರ್ ಇಲ್ಲ, ಬಟ್ಟೆ ಇಲ್ಲ, ಬಣ್ಣ ಇಲ್ಲ. ಸೈಕಲ್ ಕಂಪನಿಗಳೆಲ್ಲ ಸೇರಿ ಒಂದೇ ಗುಂಪು ಮಾಡಿಕೊಂಡಿದ್ದವು, ಸವಾರರಲ್ಲಿ ಹೆಚ್ಚಿನವರಿಗೆ ಬೂದು ಬಣ್ಣದ ಒಂದೇ ಥರದ ಜೆರ್ಸಿ. ರಸ್ತೆ ಬದಿ ನಿಂತ ಜನಕ್ಕೆ ಯಾರು ಯಾರು ಅಂತ ಗುರುತೇ ಸಿಗ್ತಾ ಇರಲಿಲ್ಲ. ಮುಂದಿರುವವನು ಯಾರು ಅನ್ನೋದು ನೋಡುವವರಿಗೆ ಕಾಣಬೇಕಲ್ಲ? ಅದಕ್ಕೆ ಮುಂದಾಳುವಿಗೆ ಬೇರೆ ಬಣ್ಣದ ಜೆರ್ಸಿ ಕೊಡೋಣ ಅಂತಾಯಿತು. ಲೋಟೊ ಪತ್ರಿಕೆ ಅಚ್ಚಾಗ್ತಾ ಇದ್ದ ಕಾಗದ ಹಳದಿ, ಜೆರ್ಸಿಯೂ ಹಳದಿ. ಜುಲೈ 19ರಂದು ಗ್ರೆನೋಬಲ್‌ನಲ್ಲಿ, ನಡುರಾತ್ರಿ ದಾಟಿ ಎರಡು ಗಂಟೆಗೆ ಸ್ಟೇಜ್ ಹೊರಡುವ ಮೊದಲು, ಅದನ್ನು ಮೊತ್ತಮೊದಲು ತೊಟ್ಟವನು ಆಗ ಮುಂದಿದ್ದ ಕ್ರಿಸ್ತೋಫ್. ವೇದಿಕೆ ಇಲ್ಲ, ಹೂಗುಚ್ಛ ಇಲ್ಲ.

ಇವತ್ತು ಆ ಹಳದಿ ಜೆರ್ಸಿಗಾಗಿ ಸವಾರರು ಜೀವ ಕೊಡ್ತಾರೆ. ಇವನಿಗೆ ಮಾತ್ರ ಅದು ಇರಿಸುಮುರಿಸು. ದಾರಿಯುದ್ದಕ್ಕೂ ನೋಡೋಕೆ ನಿಂತವರು ಹಳದಿ ಹಕ್ಕಿ ಬಂತು, ಕ್ಯಾನರಿ ಬಂತು ಅಂತ ಆಡಿಕೊಂಡು ನಗ್ತಾ ಇದ್ದರಂತೆ. ಜೊತೆಯ ಸವಾರರೂ ಬಿಡಲಿಲ್ಲ. 34 ವರ್ಷದ, ದೊಡ್ಡ ಮೀಸೆಯ, ಕೆಂಗಣ್ಣಿನ ಕ್ಯಾನರಿ. ತಾನು ಅದನ್ನು 1913ರಲ್ಲೇ ಹಾಕಿದ್ದೆ ಅಂತ ತೀಸ್ ವಯಸ್ಸಾದ ಮೇಲೆ ಹೇಳಿದ್ದುಂಟು, ಆದರೆ ಟೂರ್‌ನವರು ನೂರು ವರ್ಷದ ಹಬ್ಬ ಮಾಡಿದ್ದು 2019ರಲ್ಲಿ, ಕ್ರಿಸ್ತೋಫ್‌ನ ಲೆಕ್ಕಕ್ಕೇ.

ಉಳಿದದ್ದು ಎರಡೇ ಸ್ಟೇಜ್. ಎರಡನೇ ಸ್ಥಾನದಲ್ಲಿದ್ದ ಬೆಲ್ಜಿಯಂನ ಫಿರ್ಮೆನ್ ಲಾಂಬೊಗಿಂತ 28 ನಿಮಿಷ ಮುಂದೆ. ಮೆತ್ಸ್‌ನಿಂದ ಡಂಕರ್ಕ್‌ಗೆ 468 ಕಿಲೋಮೀಟರ್, ಯುದ್ಧ ನಡೆದ ನೆಲದ ನಡುವೆಯೇ. ಶೆಲ್ ಬಿದ್ದು ಹೊಂಡವಾದ ರಸ್ತೆ, ಎದ್ದು ಕೂತ ಗುಂಡುಕಲ್ಲು. ವಲಾಂಸಿಯೆನ್ ಹತ್ತಿರ ಫೋರ್ಕ್ ಮುರಿಯಿತು. ಹೌದು, ಮತ್ತೆ.

ಈ ಸಲ ಹತ್ತಿರದಲ್ಲೇ ಸೈಕಲ್ ಕೆಲಸದ ಶೆಡ್ ಸಿಕ್ಕಿತು. ಮತ್ತೆ ತಾನೇ ಕೂತು ಸರಿ ಮಾಡಿದ. ಒಂದು ಗಂಟೆ ಹತ್ತು ನಿಮಿಷದಷ್ಟು ಅದರಲ್ಲೇ ಹೋಯಿತು. ಆಮೇಲೆ ದಾರಿಯಲ್ಲೂ ಹೋದದ್ದು ಸೇರಿ ಎರಡು ಗಂಟೆಗೂ ಹೆಚ್ಚು ನಷ್ಟ. ಹಳದಿ ಜೆರ್ಸಿ ಲಾಂಬೊಗೆ ಹೋಯಿತು. ಕೊನೆಯ ಸ್ಟೇಜಿನಲ್ಲಿ ಪಂಚರ್ ಮೇಲೆ ಪಂಚರ್ ಆಗಿ ಎರಡನೇ ಸ್ಥಾನವೂ ಜಾನ್ ಅಲಾವೊಯೆನ್‌ನ ಪಾಲಾಯಿತು. ಅರವತ್ತಕ್ಕೂ ಹೆಚ್ಚು ಜನ ಹೊರಟ ಆ ಟೂರ್‌ನ ಅಧಿಕೃತ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಹತ್ತೇ ಹೆಸರು. ಕ್ರಿಸ್ತೋಫ್ ಮೂರನೆಯವನು.

ಆಮೇಲೆ ನಡೆದದ್ದು ನಮಗೆ ಇಡೀ ಕತೆಯಲ್ಲಿ ತುಂಬಾ ಇಷ್ಟ. ಜನ ಸುಮ್ಮನಿರಲಿಲ್ಲ. ಲೋಟೊ ಪತ್ರಿಕೆಯಲ್ಲಿ ಇವನಿಗಾಗಿ ಚಂದಾ ಎತ್ತಿದರು. ಬ್ಯಾರನ್ ಆನ್ರಿ ದ ರಾಥ್‌ಚೈಲ್ಡ್ 500 ಫ್ರಾಂಕ್ ಕೊಟ್ಟ. ಉಳಿದದ್ದು ಬಹುಪಾಲು ಚಿಲ್ಲರೆ ಚಿಲ್ಲರೆಯಾಗಿ ಸಾಮಾನ್ಯ ಓದುಗರಿಂದ ಬಂದದ್ದು. ಕೊಟ್ಟವರ ಹೆಸರು ಅಚ್ಚು ಹಾಕೋಕೇ ಇಪ್ಪತ್ತು ಪುಟ ಬೇಕಾಯಿತು. ಒಟ್ಟು 13,310 ಫ್ರಾಂಕ್. ಟೂರ್ ಗೆದ್ದವನಿಗೆ ಸಿಗ್ತಾ ಇದ್ದ ಬಹುಮಾನ 5,000. ಯುದ್ಧದಲ್ಲಿ ಮನೆಯವರನ್ನು ಕಳಕೊಂಡು, ಬ್ರೆಡ್ಡಿಗೂ ಕಷ್ಟ ಇದ್ದ ವರ್ಷ ಅದು. ಅಂಥಾದ್ದರಲ್ಲಿ ಒಬ್ಬ ಸೈಕಲ್ ಸವಾರನಿಗೆ ಆದ ಅನ್ಯಾಯಕ್ಕೆ ಜನ ಜೇಬಿಗೆ ಕೈ ಹಾಕಿದರು. ಕ್ಯಾನರಿ ಅಂತ ನಕ್ಕವರೂ ಅದರಲ್ಲಿ ಕೆಲವರು ಇದ್ದಿರಬಹುದು.

1920ರಲ್ಲಿ ಪ್ಯಾರಿಸ್-ಟೂರ್ ಮತ್ತು ಬೋರ್ಡೋ-ಪ್ಯಾರಿಸ್ ಗೆದ್ದ, 1921ರಲ್ಲಿ ಬೋರ್ಡೋ-ಪ್ಯಾರಿಸ್ ಇನ್ನೊಮ್ಮೆ. 1922ರ ಟೂರ್‌ನಲ್ಲಿ ಮತ್ತೆ ಹಳದಿ ಜೆರ್ಸಿ ಬಂತು. ಆಗ ವಯಸ್ಸು 37. ಅಷ್ಟು ವಯಸ್ಸಿನಲ್ಲಿ ಅದನ್ನು ತೊಟ್ಟವರು ಇವತ್ತಿಗೂ ಬೇರೆ ಇಲ್ಲ. ಪಿರೆನೀಸ್‌ನಲ್ಲಿ ಅದು ಕೈ ತಪ್ಪಿತು. ಆಮೇಲೆ ಆಲ್ಪ್ಸ್‌ನಲ್ಲಿ, ಎರಡೂವರೆ ಸಾವಿರ ಮೀಟರಿಗೂ ಎತ್ತರದ ಗಾಲಿಬಿಯೆ ಘಾಟ್ ಇಳಿಯುವಾಗ ಮೂರನೇ ಸಲ ಫೋರ್ಕ್ ಮುರಿಯಿತು. ಮತ್ತೆ ನಡಿಗೆ. ಆ ಟೂರ್‌ನಲ್ಲಿ ಎಂಟನೆಯವನು. ಗೆದ್ದವನು ಯಾರು ಗೊತ್ತಾ? ಅದೇ ಲಾಂಬೊ, 36ನೇ ವಯಸ್ಸಿನಲ್ಲಿ.

ಮೂರು ಸಲ ಒಂದೇ ಭಾಗ ಮುರಿದರೆ ಅದು ಬರೀ ದುರದೃಷ್ಟ ಅಂತ ಬಿಟ್ಟುಬಿಡೋದು ಸುಲಭ. ನಮಗೆ ಹಾಗನ್ನಿಸಲ್ಲ. ಆಗಿನ ಟೂರ್‌ನ ಸೈಕಲ್ಲುಗಳು ಯಾವ ರಸ್ತೆಗೆ ಅಂತ ಮಾಡಿದ್ದೋ ಅದಕ್ಕಿಂತ ಎಷ್ಟೋ ಕೆಟ್ಟ ರಸ್ತೆಯಲ್ಲಿ ಓಡ್ತಾ ಇದ್ದವು. ತೀಸ್‌ಗೂ ಮುರಿಯಿತಲ್ಲ. ವ್ಯತ್ಯಾಸ ಏನು ಅಂದರೆ, ತೀಸ್‌ಗೆ ಮುರಿದದ್ದು ಅಂಗಡಿ ಇರುವ ಊರ ಹತ್ತಿರ, ಕ್ರಿಸ್ತೋಫ್‌ಗೆ ಮುರಿದದ್ದು ಬೆಟ್ಟದ ಮೇಲೆ. ಮುರಿಯುವ ಭಾಗವನ್ನು ಗಟ್ಟಿ ಮಾಡುವ ಜವಾಬ್ದಾರಿ ತಯಾರಿಸಿದವನದ್ದು. ಆದರೆ ಆ ನಿಯಮದಲ್ಲಿ ಅದರ ಪೂರ್ತಿ ಬೆಲೆ ತೆತ್ತವನು ಮಾತ್ರ ಓಡಿಸಿದವನು. 1920ರ ದಶಕದಲ್ಲಿ ನಿಯಮ ನಿಧಾನವಾಗಿ ಸಡಿಲ ಆಯಿತು. ಈಗ ನಾವು ನೋಡುವ ರೇಸಿನಲ್ಲಿ ಹಿಂದೆಯೇ ತಂಡದ ಕಾರು, ಕಾರಿನ ಮೇಲೆ ಸಾಲಾಗಿ ಸೈಕಲ್ಲುಗಳು. ಏನಾದರೂ ಕೆಟ್ಟರೆ ಅರ್ಧ ನಿಮಿಷದೊಳಗೆ ಹೊಸದು ಹತ್ತಿಸಿ ಬೆನ್ನು ತಳ್ಳಿ ಕಳಿಸ್ತಾರೆ.

ಕೊನೆಯ ಟೂರ್ 1925ರಲ್ಲಿ, 40ನೇ ವಯಸ್ಸಿಗೆ. ಒಟ್ಟು ಹನ್ನೊಂದು ಟೂರ್ ಹೊರಟವನು, ಎಂಟನ್ನು ಮುಗಿಸಿದವನು, ಒಂದನ್ನೂ ಗೆಲ್ಲಲಿಲ್ಲ. ಮರುವರ್ಷ ರೇಸ್ ಬಿಟ್ಟ.

1951ರಲ್ಲಿ ಸೇಂತ್-ಮರೀ-ದ-ಕಾಂಪಾನ್‌ನವರು ಆ ಹಳೇ ಕುಲುಮೆಯ ಗೋಡೆಗೆ ನೆನಪಿನ ಫಲಕ ಹಾಕಿದಾಗ 66ರ ಕ್ರಿಸ್ತೋಫ್ ಅಲ್ಲಿಗೆ ಬಂದು, ಸವಾರನ ವೇಷದಲ್ಲೇ ಆ ದಿನವನ್ನು ಮತ್ತೆ ಆಡಿ ತೋರಿಸಿದ. ತೀರಿಕೊಂಡದ್ದು 1970ರ ಫೆಬ್ರವರಿ 1ರಂದು, ಪ್ಯಾರಿಸ್‌ನಲ್ಲಿ, 85 ತುಂಬಿದ ಮೇಲೆ. ಈಗ ಆ ಊರಿನಲ್ಲಿ ಅವನ ಪ್ರತಿಮೆಯೂ ಇದೆ, ಮುರಿದ ಫೋರ್ಕ್ ಎತ್ತಿ ಹಿಡಿದಿರೋದು. ಟೂರ್ಮಲೆ ಹತ್ತಿ ರೇಸ್ ನೋಡೋಕೆ ಹೋಗುವವರು ದಾರಿಯಲ್ಲಿ ಅಲ್ಲಿ ಇಳಿದು ಫೋಟೋ ತಗೋತಾರೆ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಸೈಕಲ್ ರಿಪೇರಿ ಮಾಡುವ ನಮ್ಮ ಗೆಳೆಯರು ಬೈತಾರೆ. ಪೆಡಲ್ ಮೇಲೆ ಪಾದ ಜಾರದ ಹಾಗೆ ಹಿಡಿಯುವ ಉಕ್ಕಿನ ಟೋ ಕ್ಲಿಪ್, ಅದಕ್ಕೊಂದು ಚರ್ಮದ ಪಟ್ಟಿ, ಹಳೇ ರೇಸಿಂಗ್ ಸೈಕಲ್ ಫೋಟೋಗಳಲ್ಲಿ ನೋಡಿರ್ತೀರಿ. ಅದರಲ್ಲಿ ದಶಕಗಟ್ಟಲೆ ಹೆಸರು ಮಾಡಿದ ಬ್ರ್ಯಾಂಡ್ ಕ್ರಿಸ್ತೋಫ್. ಕ್ಲಿಪ್‌ಲೆಸ್ ಪೆಡಲ್ ಬರುವ ತನಕ ಟೂರ್ ಓಡಿಸಿದ ಎಷ್ಟೋ ಸವಾರರ ಕಾಲಿಗೆ ಅವನ ಹೆಸರಿನ ಪಟ್ಟಿ ಬಿಗಿದಿತ್ತು. ಹಳೇ ಸಾಮಾನು ಕೂಡಿಡುವವರ ಹತ್ತಿರ ಈಗಲೂ ಸಿಗುತ್ತವೆ. ಸರಿಯಾಗಿ ನೋಡಿದರೆ ಲೋಹದ ಮೇಲೆ ಅಕ್ಷರ ಒತ್ತಿರೋದು ಕಾಣುತ್ತೆ.